ಗಂಟು ಕಟ್ಟಿ ಬಂದ ಸೀರೆ

ಪುನೀತಾಲಯವನ್ನು ಮುಚ್ಚುತ್ತಾರೆ ಎಂಬ ಸುದ್ದಿ ಕೇಳಿ ಅಳಬೇಕೋ ನಗಬೇಕೋ ತಿಳಿಯದೆ ಅಲ್ಲಿದ್ದ ಮುದುಕಿಯರೆಲ್ಲ ಒಂದೆರಡು ದಿನ ಎಂದಿನಂತೆ ಬಟ್ಟೆ ಒಗೆದರು. ಆಮೇಲೆ ಒಬ್ಬೊಬ್ಬರಾಗಿ ಟ್ರಂಕು ತುಂಬಿಕೊಂಡು, ವ್ಯಾನು ಹತ್ತಿ, ಆನೇಕಲ್ಲಿನ ವೃದ್ಧಾಶ್ರಮಕ್ಕೆ ಹೋದರು. ಸೊಣ್ಣಮ್ಮ ಹತ್ತಲಿಲ್ಲ, ಅವಳನ್ನು ಬಿಟ್ಟು ಗೆಳತಿ ಮರಿಯಮ್ಮನೂ ಹತ್ತಲಿಲ್ಲ. ಸೊಣ್ಣಮ್ಮ ವ್ಯಾನಿನ ಬಾಗಿಲ ತನಕ ಹೋಗಿ, ಒಳಗೆ ಕೂತವರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು, "ಉಷಾರಾಗ್ ಓಗ್ಬನ್ನಿ" ಎಂದು ಹೇಳಿ, ತಿರುಗಿ ಬಂದು ಬಟ್ಟೆ ಒಗೆಯುವ ಕೋಣೆ ಹೊಕ್ಕಳು.

"ನೀನು ಹತ್ತುದಿಲ್ಲ ಅಂದ್ರೆ ಎಂತ ಮಾಡುದು ಮಾರಾಯ್ತಿ? ತಿಂಗಳ ಕೊನೆಗೆ ಜೆಸಿಬಿ ಬರ್ತದೆ," ಎಂದರು ಸಿಸ್ಟರ್ ಬೆನಡಿಕ್ಟಾ. ಮಂಗಳೂರಿನ ಕಡೆಯಿಂದ ಚಿಕ್ಕ ವಯಸ್ಸಿನಲ್ಲಿ ಬಂದು ಇಲ್ಲೇ ಮುದುಕಿಯಾದವರು. ಈಗ ಮನೆಗೆ ಉಳಿದಿದ್ದ ಸಿಸ್ಟರ್ ಅವರೊಬ್ಬರೇ.

"ಬರ್ಲಿ ಬುಡಿ ಸಿಸ್ಟರ್. ಅದ್ರ ಡ್ರೈವರ್‌ಗೂ ಒಂದ್ ಲೋಟ ಟೀ ಕಾಯ್ಸಾನ."

"ತಮಾಷೆ ಬೇಡ. ಹೊರಡ್ಲಿಕ್ಕೆ ನಿನಗೆ ಎಂತ ಅಡ್ಡಿ?"

"ನಂಗಿನ್ನೂ ಸೀರೆ ಬಂದಿಲ್ವಲ್ಲ."

ಸಿಸ್ಟರ್ ಹಣೆಗೆ ಕೈ ಹಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಮಂಡಿ ನೋವಿದ್ದವರು, ಏಳುವಾಗ ಸೊಣ್ಣಮ್ಮನೇ ಕೈ ಹಿಡಿದು ಎಬ್ಬಿಸಬೇಕಾಯಿತು.

ಸೀರೆಯ ವಿಷಯ ಹೀಗೆ. ಪುನೀತಾಲಯ ಎಂದರೆ ದಾರಿ ತಪ್ಪಿದ ಹೆಣ್ಣುಮಕ್ಕಳನ್ನು ತಿದ್ದುವುದಕ್ಕೆಂದು ಕಾನ್ವೆಂಟಿನವರು ನಡೆಸುತ್ತಿದ್ದ ಮನೆ. ದಾರಿ ತಪ್ಪಿದ್ದು ಹೌದೋ ಅಲ್ಲವೋ ಎಂದು ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ. ಅಪ್ಪನೋ ಅಣ್ಣನೋ ಹೇಳಿದರೆ ಸಾಕಿತ್ತು. ಒಳಗೆ ಬಂದವಳ ಜಡೆ ಕತ್ತರಿಸುತ್ತಿದ್ದರು, ಹೆಸರು ಬದಲಾಯಿಸುತ್ತಿದ್ದರು, ಉಟ್ಟು ಬಂದ ಬಟ್ಟೆ ತೆಗೆದಿಟ್ಟು ಬೂದು ಬಣ್ಣದ ಸೀರೆ ಕೊಡುತ್ತಿದ್ದರು. ಆ ಬೂದು ಸೀರೆ ಮನೆಯ ಸ್ವತ್ತು. ಅದನ್ನು ಉಟ್ಟುಕೊಂಡು ಗೇಟು ದಾಟಿ ಓಡಿದರೆ ಸೀರೆ ಕದ್ದಳೆಂದು ಪೊಲೀಸರಿಗೆ ದೂರು ಹೋಗುತ್ತಿತ್ತು, ಪೊಲೀಸರು ಸೀರೆಯನ್ನೂ ಸೀರೆಯೊಳಗಿನವಳನ್ನೂ ಒಟ್ಟಿಗೇ ತಂದು ಒಪ್ಪಿಸುತ್ತಿದ್ದರು. ಹಾಗಾಗಿ ಬಿಡಿಸಿಕೊಂಡು ಹೋಗಲು ಬರುವ ಮನೆಯವರು ಬರಿಗೈಯಲ್ಲಿ ಬರುವಂತಿರಲಿಲ್ಲ, ಒಂದು ಸೀರೆ ತರಬೇಕಿತ್ತು. ಅದನ್ನು ಉಟ್ಟು, ಬೂದು ಸೀರೆ ಮಡಿಸಿಕೊಟ್ಟು, ದೊಡ್ಡ ಗೇಟಿನಲ್ಲಿ ಹಗಲು ಹೊತ್ತು ಹೊರಗೆ ಹೋಗಬೇಕು. ಒಳಗಿನವರು ಬಿಡುಗಡೆ ಎಂಬ ಮಾತನ್ನೇ ಆಡುತ್ತಿರಲಿಲ್ಲ. "ಅವಳಿಗೆ ಸೀರೆ ಬಂತಂತೆ" ಎನ್ನುತ್ತಿದ್ದರು.

ಸೊಣ್ಣಮ್ಮ ಬಂದದ್ದು ಎಮರ್ಜೆನ್ಸಿ ಮುಗಿದ ವರ್ಷ. ಆಗ ಅವಳು ಹದಿನೆಂಟರ ಹುಡುಗಿ. ಮಾಡಿದ ತಪ್ಪು ಇಷ್ಟೇ: ಸ್ಟೇಷನ್ನಿನಲ್ಲಿ ಗೂಡ್ಸ್ ಇಳಿಸುವ ಹುಡುಗನೊಬ್ಬನ ಜೊತೆ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಅಲ್ಲಿ ಮಸಾಲೆದೋಸೆ ತಿಂದು, ವಾಪಸಿನ ರೈಲು ತಪ್ಪಿಸಿಕೊಂಡು, ಮಾರನೆಯ ದಿನ ಬೆಳಿಗ್ಗೆ ಊರಿಗೆ ಬಂದಳು. ರೈಲು ತಪ್ಪಿತು ಎಂದರೆ ಯಾರು ನಂಬುತ್ತಾರೆ? "ಎರಡು ತಿಂಗಳು ಇರು, ಊರೋರ ಬಾಯಿ ತಣ್ಣಗಾಗ್ಲಿ," ಎಂದು ಅಪ್ಪ ತಂದು ಬಿಟ್ಟ. ಜೊತೆಗೆ ಬಂದಿದ್ದ ಅಣ್ಣ ಲಕ್ಷ್ಮಯ್ಯ, "ಗೌರಿ ಹಬ್ಬಕ್ಕೆ ಸೀರೆ ತತ್ತೀನಿ ಕಣೇ," ಎಂದ. ಅದು ಯಾವ ಗೌರಿ ಹಬ್ಬ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಅಂದಿನಿಂದ ಅವಳು ಆಗ್ನೆಸ್ ಆದಳು. ಆಸ್ಪತ್ರೆಯ ಹೊದಿಕೆ, ಹೋಟೆಲಿನ ಮೇಜುಬಟ್ಟೆ, ಕಾರ್ಖಾನೆ ಕ್ಯಾಂಟೀನಿನ ಏಪ್ರನ್ನು, ಪಾದ್ರಿಗಳ ನಿಲುವಂಗಿ ಎಲ್ಲ ಒಗೆದಳು. ಕೂಲಿಯ ಮಾತೇ ಇರಲಿಲ್ಲ, ಅದು ಪ್ರಾಯಶ್ಚಿತ್ತವಂತೆ, ಪ್ರಾಯಶ್ಚಿತ್ತಕ್ಕೆ ಯಾರು ಕೂಲಿ ಕೊಡುತ್ತಾರೆ? ಊಟದ ಹೊತ್ತಿನಲ್ಲಿ ಮಾತಾಡುವಂತಿರಲಿಲ್ಲ, ಒಗೆಯುವಾಗ ಹಾಡುವಂತಿರಲಿಲ್ಲ. ತುಂಬಾ ವರ್ಷಗಳಾದ ಮೇಲೆ ಮೇಲಿನವರಿಗೇ ಇದು ಸರಿಯಲ್ಲ ಅನ್ನಿಸಿರಬೇಕು. ಗೇಟಿನ ಬೀಗ ಹೋಯಿತು, ವಾಷಿಂಗ್ ಮಷೀನು ಬಂತು, ಎಲ್ಲರಿಗೂ ಅವರವರ ಹೆಸರು ವಾಪಸು ಸಿಕ್ಕಿತು. ಸೊಣ್ಣಮ್ಮ ಎಂದು ಕರೆದರೆ ಸೊಣ್ಣಮ್ಮ ತಿರುಗಿ ನೋಡುವುದಕ್ಕೆ ಒಂದು ವರ್ಷ ಹಿಡಿಯಿತು. ಮರಿಯಮ್ಮನೊಬ್ಬಳಿಗೆ ಆ ತಾಪತ್ರಯ ಇರಲಿಲ್ಲ. ಕೋಲಾರದ ಕಡೆಯ ಮಾರಿಗುಡಿಯ ದೇವರ ಹೆಸರು ಹೊತ್ತುಕೊಂಡು ಬಂದಿದ್ದ ಅವಳನ್ನು, ಇದು ನಮ್ಮದೇ ಹೆಸರು ಎಂದುಕೊಂಡು ಸಿಸ್ಟರುಗಳು ಹಾಗೇ ಬಿಟ್ಟಿದ್ದರು.

ಬೀಗ ಹೋದ ಮೇಲೆ ಸೊಣ್ಣಮ್ಮ ಹೊರಗೆ ಹೋಗುತ್ತಿರಲಿಲ್ಲ ಎಂದೇನಿಲ್ಲ. ಸಿಸ್ಟರ್ ಜೊತೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದಳು, ವೋಟು ಹಾಕಿದ್ದಳು, ಒಂದು ಸಲ ಕಾಡುಗೋಡಿಯಿಂದ ಮೆಟ್ರೋ ಹತ್ತಿ ಎರಡು ಸ್ಟೇಷನ್ ಹೋಗಿ ಬಂದಿದ್ದಳು. ಆದರೆ ಹೋಗಿ ಬರುವುದು ಬೇರೆ, ಹೊರಡುವುದು ಬೇರೆ. ಬೂದು ಸೀರೆಯಲ್ಲಿ ಆನೇಕಲ್ಲಿಗೆ ಹೋದವರನ್ನು ಅವಳು ಹೊರಟವರು ಎಂದು ಒಪ್ಪಲೇ ಇಲ್ಲ. "ಒಂದ್ ಗೂಡಿಂದ ಇನ್ನೊಂದ್ ಗೂಡ್ಗೆ ಕೋಳಿ ಸಾಗ್ಸಿದಂಗೆ" ಎಂದಳು.

ಕಾಲೇಜಿನ ಹುಡುಗಿಯೊಬ್ಬಳು ಮೊಬೈಲು ಹಿಡಿದು ಇವರ ಕತೆ ಕೇಳಲು ಬಂದಿದ್ದಳು. ಬೇರೆ ದೇಶಗಳಲ್ಲೂ ಇಂಥ ಮನೆಗಳಿದ್ದವು, ಅಲ್ಲೂ ಬಟ್ಟೆಯನ್ನೇ ಒಗೆಸುತ್ತಿದ್ದರು, ಒಂದು ಕಡೆ ಸರ್ಕಾರವೇ ಆ ಹೆಂಗಸರ ಕ್ಷಮೆ ಕೇಳಿತು ಎಂದು ಅವಳು ಹೇಳಿದಾಗ ಸೊಣ್ಣಮ್ಮನಿಗೆ ಆಶ್ಚರ್ಯವಾಗಿತ್ತು.

"ಕ್ಷಮೆ ಕೇಳುದ್ರಾ? ಅಂಗೇ ಬರಿ ಬಾಯಲ್ಲಾ? ಸೀರೆ ಕೊಡ್ಲಿಲ್ವಾ?"

ಹುಡುಗಿ ಮೊಬೈಲು ಆಫ್ ಮಾಡಿದ್ದಳು.

ಇನ್ನೊಂದು ವಿಷಯವನ್ನು ಸೊಣ್ಣಮ್ಮ ಆ ಹುಡುಗಿಗೂ ಹೇಳಿರಲಿಲ್ಲ, ಸಿಸ್ಟರಿಗೂ ಹೇಳಿರಲಿಲ್ಲ. ಗೊತ್ತಿದ್ದದ್ದು ಮರಿಯಮ್ಮನಿಗೆ ಮಾತ್ರ. ಬಟ್ಟೆ ಒಣಹಾಕುವ ತಾರಸಿಯ ಮೇಲಿಂದ ಲಕ್ಷ್ಮಯ್ಯನ ಮನೆ ಕಾಣುತ್ತಿತ್ತು.

ಮೊದಲ ಸಲ ತಾರಸಿ ಹತ್ತಿದ ದಿನವೇ ಅವಳು ಗುರುತು ಹಿಡಿದಿದ್ದಳು. ರಾಗಿ ಹೊಲದ ಆಚೆ ಹೆಂಚಿನ ಮನೆ, ಹಿತ್ತಲಲ್ಲಿ ಬಟ್ಟೆಯ ಹಗ್ಗ. ಕೂಗಿದರೆ ಕೇಳುವಷ್ಟು ಹತ್ತಿರವಿತ್ತು, ಆದರೆ ಕೂಗುವಂತಿರಲಿಲ್ಲ. ಹಗ್ಗ ನೋಡಿಕೊಂಡೇ ತವರಿನ ಸುದ್ದಿ ತಿಳಿದುಕೊಂಡಳು. ಒಂದು ಬೇಸಿಗೆಯಲ್ಲಿ ಹೊಸ ಸೀರೆಗಳು ಸಾಲಾಗಿ ಒಣಗಿದವು: ಅತ್ತಿಗೆ ಬಂದಳು. ಆಮೇಲೆ ಲಂಗೋಟಿಗಳು, ಆಮೇಲೆ ಸ್ಕೂಲಿನ ನೀಲಿ ಚಡ್ಡಿ, ಅದರ ಪಕ್ಕ ಪುಟ್ಟ ಲಂಗ. ಒಂದು ವರ್ಷ ಅಪ್ಪನ ಪಂಚೆ ಕಾಣಲಿಲ್ಲ. ಊರಿಗೆ ಹೋಗಿರಬಹುದು ಎಂದು ಕಾದು ನೋಡಿ, ಆಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಒರೆಸಿಕೊಂಡಳು. ಇನ್ನೊಂದು ವರ್ಷ ಅವ್ವನ ಸೀರೆಗಳು ಹೋದವು. ಈಚೆಗೆ ಅತ್ತಿಗೆಯದೂ. ಹೊಲ ಲೇಔಟಾಯಿತು, ಹೆಂಚಿನ ಮನೆ ಗಿಳಿಹಸಿರು ಬಣ್ಣದ ನಾಲ್ಕು ಮಹಡಿ ಆಯಿತು, ಮೇಲೆ ಲೇಡೀಸ್ ಪಿಜಿ ಎಂಬ ಬೋರ್ಡು ಬಂತು. ಆಮೇಲೆ ಓದುವುದೇ ಕಷ್ಟವಾಯಿತು. ಮೂವತ್ತು ಹುಡುಗಿಯರ ಜೀನ್ಸ್ ಪ್ಯಾಂಟು ನೇತಾಡುತ್ತಿದ್ದರೆ ಅದರಲ್ಲಿ ತವರು ಯಾವುದು, ಬಾಡಿಗೆ ಯಾವುದು?

ಎರಡು ವರ್ಷದಿಂದ ಆ ಪಿಜಿಯ ಬೆಡ್‌ಶೀಟುಗಳು ಪುನೀತಾಲಯಕ್ಕೇ ಒಗೆಯಲು ಬರುತ್ತಿದ್ದವು. ಪಿಜಿ ನೋಡಿಕೊಳ್ಳುವವಳು ಲಕ್ಷ್ಮಯ್ಯನ ಸೊಸೆ ವನಜಾ. ಒಗೆಯುವವಳು ಯಾರೆಂದು ಅವಳಿಗೆ ಗೊತ್ತಿಲ್ಲ.

"ಒಂದ್ ಮಾತು ಯೋಳ್ ಕಳ್ಸೇ," ಎಂದು ಮರಿಯಮ್ಮ ಎಷ್ಟೋ ಸಲ ಹೇಳಿದ್ದಳು.

"ಕೇಳಿ ತರ್ಸ್ಕಂಡ್ರೆ ಅದು ಸೀರೆನಾ? ಬಟ್ಟೆ ಅಷ್ಟೇ," ಎನ್ನುತ್ತಿದ್ದಳು ಸೊಣ್ಣಮ್ಮ.

ಮರಿಯಮ್ಮನಿಗೆ ಸೀರೆ ತರುವವರು ಈ ಲೋಕದಲ್ಲೇ ಇರಲಿಲ್ಲ. ತನಗೆ ಸೀರೆಯೂ ಬೇಡ ಗೀರೆಯೂ ಬೇಡ, ಸೊಣ್ಣಿ ಹೊರಟ ಮಾರನೆ ದಿನವೇ ಬೂದು ಸೀರೆಯಲ್ಲೇ ಆನೇಕಲ್ಲಿನ ವ್ಯಾನು ಹತ್ತುತ್ತೇನೆ ಎಂದು ಅವಳು ಸಿಸ್ಟರಿಗೆ ಮಾತು ಕೊಟ್ಟಿದ್ದಳು. ಸೊಣ್ಣಿ ಹೊರಡುವ ಲಕ್ಷಣ ಕಾಣದ್ದರಿಂದ ಧೈರ್ಯವಾಗಿಯೇ ಕೊಟ್ಟಿದ್ದಳು.

ಹೀಗಿರುವಾಗ ಗೌರಿ ಹಬ್ಬ ನಾಲ್ಕು ದಿನ ಇದೆ ಎನ್ನುವಾಗ ಆಟೋ ಮುನಿರಾಜು ಎಂದಿನಂತೆ ಪಿಜಿಯ ಗಂಟು ತಂದು ಇಳಿಸಿದ. ಬೆಡ್‌ಶೀಟುಗಳನ್ನು ಯಾವಾಗಲೂ ಒಂದು ಹರಿದ ಹೊದಿಕೆಯಲ್ಲಿ ಗಂಟು ಕಟ್ಟಿ ಕಳಿಸುತ್ತಿದ್ದರು. ಸೊಣ್ಣಮ್ಮ ಗಂಟಿಗೆ ಕೈ ಹಾಕಿದಳು, ಕೈ ಅಲ್ಲೇ ನಿಂತಿತು. ಗಂಟು ಕಟ್ಟಿದ ಬಟ್ಟೆ ನೀರು ಕಾಣದ ಹೊಸ ಬಟ್ಟೆ. ಬಿಚ್ಚಿ ಹರವಿದಳು. ಬದನೆಕಾಯಿ ಬಣ್ಣದ ಮೈ, ಹಳದಿ ಅಂಚು, ಸೆರಗಿನ ಮೂಲೆಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಮರೀ! ಬಾರೇ ಇಲ್ಲಿ. ಸೀರೆ ಬಂತು ಕಣೇ!"

"ಯಾರ್ಗೆ?"

"ನಂಗೆ ಕಣೇ. ತವರಿಂದ."

ಮರಿಯಮ್ಮ ಬಂದು ನೋಡಿದಳು. "ಬೆಡ್‌ಶೀಟ್ ಗಂಟು ಕಟ್ಕಂಡ್ ಬಂದದೆ. ಯಾವ್ಳೋ ಕಣ್ ಕಾಣ್ದೋಳು ಕೈಗ್ ಸಿಕ್ಕಿದ್ದು ತಗಂಡು ಕಟ್ಟವ್ಳೆ."

"ಎಂಗಾದ್ರೂ ಬರ್ಲಿ. ನಮ್ಮನೆಯಿಂದ ಬಂತೋ ಇಲ್ವೋ? ಕೇಳ್ದೆ ಬಂತೋ ಇಲ್ವೋ? ದೇವ್ರು ಕಳ್ಸವ್ನೆ."

"ಯಾವ್ ದೇವ್ರು? ನಮ್ದಾ, ಸಿಸ್ಟರ್‌ದಾ?"

"ಇಬ್ರೂ ಸೇರ್ಕಂಡೇ ಕಳ್ಸಿರ್ಬೇಕು. ಒಬ್ರ ಕೈಲೇ ಆಗ್ದೆ ಅಲ್ವಾ ಇಷ್ಟ್ ದಿನ ಆಗಿದ್ದು?"

ಅಂದು ಅವಳು ಸೀರೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಮಾರನೆಯ ದಿನ ಮಷೀನಿನ ಗುಂಡು ಬಾಗಿಲಿನ ಗಾಜಿನ ಮುಂದೆ ನಿಂತು ಹೆಗಲ ಮೇಲೆ ಹಾಕಿ ನೋಡಿಕೊಂಡಳು. ಬಣ್ಣ ಒಪ್ಪುತ್ತಿತ್ತು. ಹಬ್ಬದ ದಿನ ಉಟ್ಟುಕೊಂಡು ದೊಡ್ಡ ಗೇಟಿನಲ್ಲಿ ಹೊರಟೇಬಿಡುವುದು ಎಂದು ನಿಶ್ಚಯ ಮಾಡಿದಳು. ಆದರೂ ಒಳಗೊಳಗೇ ಏನೋ ಕಡಿಯುತ್ತಿತ್ತು. ಇಷ್ಟು ವರ್ಷದಲ್ಲಿ ಈ ಕೋಣೆಗೆ ಬಂದ ಒಂದು ಕರ್ಚೀಫು ಕೂಡ ಬೇರೆಯವರ ಮನೆ ಸೇರಿರಲಿಲ್ಲ. ಕಿತ್ತುಹೋದ ಗುಂಡಿಯನ್ನೂ ದಾರಕ್ಕೆ ಪೋಣಿಸಿ ವಾಪಸು ಕಳಿಸಿದ ಕೈ ಅದು.

ಅವಳು ಹೆದರಿದ್ದೇ ಆಯಿತು. ಮಧ್ಯಾಹ್ನ ವನಜಾ ಸ್ಕೂಟಿಯಲ್ಲಿ ಬಂದಳು. ಹೆಲ್ಮೆಟ್ಟೂ ತೆಗೆಯದೆ ಸಿಸ್ಟರ್ ಹತ್ತಿರ ಶುರುಮಾಡಿದಳು. ಒಗೆಯುವ ಕೋಣೆಗೆ ಎಲ್ಲ ಕೇಳುತ್ತಿತ್ತು.

"ಸಿಸ್ಟರ್, ಒಂದ್ ಮಿಸ್ಟೇಕ್ ಆಗ್ಬಿಟ್ಟಿದೆ. ಕೆಲಸದೋಳು ನಿನ್ನೆ ಗಂಟು ಕಟ್ಟೋವಾಗ ಮಂಚದ ಮೇಲಿದ್ದ ಹೊಸ ಸೀರೆ ಎಳ್ಕೊಂಡು ಕಟ್ಬಿಟ್ಟಿದಾಳೆ. ನಮ್ ನಾದಿನಿ ಹೇಮಲತಾಗೆ ಅಂತ ಮಾವ ತಂದಿದ್ದು. ಹಬ್ಬಕ್ಕೆ ಮನೆಮಗಳಿಗೆ ಸೀರೆ ಕೊಡೋದು ಅವ್ರು ಒಂದ್ ವರ್ಷಾನೂ ತಪ್ಸಿಲ್ಲ. ಇವಾಗ ನನ್ ಪ್ರಾಣ ತಿಂತಿದಾರೆ."

ಒಂದು ವರ್ಷವೂ ತಪ್ಪಿಸಿಲ್ಲ. ಸೊಣ್ಣಮ್ಮ ಆ ಮಾತನ್ನು ಒಮ್ಮೆ ನುಂಗಿದಳು. ಮರಿಯಮ್ಮ ಅವಳ ಮೊಣಕೈ ತಿವಿದು, "ಬಂದಿಲ್ಲ ಅಂತ ಯೋಳ್ಬುಡು" ಎಂದು ಪಿಸುಗುಟ್ಟಿದಳು.

ಸೊಣ್ಣಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. "ಬಂದದೆ ಕಣವ್ವ. ಜೋಪಾನವಾಗದೆ."

"ಅಬ್ಬ! ಥ್ಯಾಂಕ್ಸ್ ಅಜ್ಜಿ. ಕೊಟ್ಬಿಡಿ, ತಗೊಂಡ್ ಹೋಗ್ತೀನಿ."

"ಗಂಟಾಕಿ ಸುಕ್ಕಾಗದೆ. ಅಂಗೇ ಕೊಟ್ರೆ ನಮ್ ಕೆಲಸಕ್ಕೆ ಮರ್ವಾದೆ ಅಲ್ಲ. ಇಸ್ತ್ರಿ ಆಕಿ ನಾಳೆ ನಾನೇ ತಂದ್ಕೊಡ್ತೀನಿ."

ವನಜಾ ಹೋದ ಮೇಲೆ ಮರಿಯಮ್ಮ ಸಿಡಿದಳು. "ನಿಂಗೇನ್ ತಲೆ ಕೆಟ್ಟದಾ? ಬಂದ ಸೀರೆ ವಾಪಸ್ ಕೊಟ್ಟು ಇಲ್ಲೇ ಜೆಸಿಬಿ ಅಡಿ ಮಲಿಕ್ಕಂತೀಯಾ?"

"ಅದು ಅಪ್ಪ ಮಗಳ್ಗೆ ತಂದಿದ್ದು. ಅಣ್ಣ ತಂಗೀಗೆ ತಂದಿದ್ದಲ್ಲ," ಎಂದು ಸೊಣ್ಣಮ್ಮ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು.

ಮಾರನೆಯ ದಿನ ಮುನಿರಾಜುವಿನ ಆಟೋದಲ್ಲಿ, ಒಗೆದ ಶೀಟುಗಳ ಗಂಟಿನ ಪಕ್ಕ ಕೂತು, ಸೀರೆಯನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದಳು. ತಾರಸಿಯಿಂದ ಅಷ್ಟು ಹತ್ತಿರ ಕಾಣುತ್ತಿದ್ದ ಮನೆಗೆ ಒನ್‌ವೇ ಸುತ್ತಿಕೊಂಡು ಹೋಗಬೇಕಾಗಿ ಕಾಲು ಗಂಟೆ ಹಿಡಿಯಿತು.

"ಏನಜ್ಜಿ, ಇವತ್ತು ನೀವೇ ಡೆಲಿವರಿಗೆ ಹೊರಟ್ಬಿಟ್ರಿ?" ಎಂದ ಮುನಿರಾಜು.

"ಊಂ ಕಣಪ್ಪ. ದೊಡ್ ಗಿರಾಕಿ."

ಗಿಳಿಹಸಿರು ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಮುದುಕ ನೀರಿನ ಟ್ಯಾಂಕರಿನವನಿಗೆ ಬೈಯುತ್ತಿದ್ದ. ಕೂದಲು ಹೋಗಿತ್ತು, ಹಲ್ಲು ಕಟ್ಟಿಸಿದ್ದವು. ಕಿವಿ ಮಾತ್ರ ಅದೇ, ಮೊರದಗಲದ ಕಿವಿ. ಚಿಕ್ಕಂದಿನಲ್ಲಿ ಅದನ್ನೇ ಹಿಡಿದು ಎಳೆಯುತ್ತಿದ್ದದ್ದು.

"ಲಾಂಡ್ರಿನಾ? ಒಳಗ್ ಕೊಟ್ಟು ಓಗಮ್ಮ," ಎಂದ ಲಕ್ಷ್ಮಯ್ಯ, ತಿರುಗಿ ನೋಡದೆ.

"ನಿನ್ ಕೈಗೇ ಕೊಡ್ಬೇಕು."

ಪಿಜಿ ಓನರನ್ನು ಲಾಂಡ್ರಿಯವಳು ಏಕವಚನದಲ್ಲಿ ಮಾತಾಡಿಸಿದ್ದು ಕೇಳಿ ಟ್ಯಾಂಕರಿನವನು ನಕ್ಕ. ಲಕ್ಷ್ಮಯ್ಯ ಸಿಟ್ಟಿನಿಂದ ತಿರುಗಿದ. ಬೂದು ಸೀರೆ ನೋಡಿದ, ಮುಖ ನೋಡಿದ, ಮತ್ತೆ ಸೀರೆ ನೋಡಿದ. ಕುರ್ಚಿಯ ಕೈ ಹಿಡಿದುಕೊಂಡು ಅರ್ಧ ಎದ್ದು ಅಲ್ಲೇ ನಿಂತ.

"ಸೊಣ್ಣಿ? ಬದ್ಕಿದ್ದೀಯಾ?"

"ಎರಡ್ ವರ್ಷದಿಂದ ನಿನ್ ಶೀಟು ಯಾರ್ ಒಗೀತಾವ್ರೆ ಅನ್ಕಂಡೆ? ಸತ್ತೋರ್ ಕೈಲಿ ಒಗ್ಸ್ತಿದ್ದಾ?"

ಟ್ಯಾಂಕರಿನವನಿಗೆ ಯಾಕೋ ಅಲ್ಲಿ ನಿಲ್ಲುವುದು ಸರಿಯಲ್ಲ ಅನ್ನಿಸಿ ಪೈಪಿನ ಕಡೆ ಹೋದ.

"ಅಪ್ಪ ಬ್ಯಾಡ ಅಂದಿತ್ತು ಕಣೇ," ಎಂದ ಲಕ್ಷ್ಮಯ್ಯ, ಮೆತ್ತಗೆ.

"ಅಪ್ಪನ್ ಪಂಚೆ ಹಗ್ಗ ಬುಟ್ಟು ಎಷ್ಟ್ ಕಾಲ ಆಯ್ತು ಅಂತ ನಂಗೊತ್ತು."

"ಆಮ್ಯಾಕೆ ಯಾವ್ ಮೊಖ ಇಟ್ಕಂಡು ಬರ್ಲಿ ಅಂತ..."

"ಇದೇ ಮೊಖ ಇಟ್ಕಂಡು ಬರ್ಬೇಕಿತ್ತು. ಇನ್ನೊಂದು ಎಲ್ಲಿಂದ ತರ್ತಿದ್ದೆ?"

ಅಷ್ಟರಲ್ಲಿ ವನಜಾ ಕಾಫಿ ಲೋಟ ಹಿಡಿದು ಹೊರಗೆ ಬಂದಳು. ಮಾವ ಅರ್ಧ ಎದ್ದು ನಿಂತಿದ್ದಾರೆ, ಎದುರಿಗೆ ಲಾಂಡ್ರಿ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ. "ಏನಾಯ್ತು ಮಾವ? ಇವ್ರು ಗೊತ್ತಾ ನಿಮಗೆ?"

ಸೊಣ್ಣಮ್ಮ ಅಣ್ಣನ ಬಾಯನ್ನೇ ನೋಡುತ್ತ ನಿಂತಳು. ಒಂದೇ ಒಂದು ಮಾತು. ಲಕ್ಷ್ಮಯ್ಯನ ತುಟಿ ಅಲ್ಲಾಡಿತು, "ಇವ್ಳು... ಇವ್ರು..." ಎಂದ, ಅಲ್ಲಿಗೇ ನಿಂತಿತು. ಮೇಲಿನ ಮಹಡಿಯಿಂದ ಪಿಜಿ ಹುಡುಗಿಯರು ಬಗ್ಗಿ ನೋಡುತ್ತಿದ್ದರು. ಅವನು ಪೇಪರು ಸುತ್ತಿದ ಸೀರೆಯನ್ನು ಕಿತ್ತುಕೊಂಡವನಂತೆ ತೆಗೆದುಕೊಂಡು ತಕ್ಷಣ ಅದನ್ನೇ ಅವಳ ಕಡೆ ಚಾಚಿದ. "ತಗೋ. ಇದನ್ನೇ ತಗೋ. ಮಡಿಕ್ಕೋ."

"ಅದು ಏಮಲತನ್ದು," ಎಂದಳು ಸೊಣ್ಣಮ್ಮ. "ನಂದು ಬೇರೆ ತರ್ಬೇಕು. ನಾಳಿದ್ದು ಹಬ್ಬ. ದೊಡ್ ಗೇಟು, ಹಗಲೊತ್ತು. ಬಂದ್ರೆ ಬಾ." ಆಮೇಲೆ ವನಜಾಳ ಕಡೆ ತಿರುಗಿ, "ಲಾಂಡ್ರಿಯೋಳು ಕಣವ್ವ. ಲೆಕ್ಕ ಸರಿಯಾಗದೆ, ನೋಡ್ಕೋ," ಎಂದು ಆಟೋ ಹತ್ತಿದಳು.

ದಾರಿಯುದ್ದಕ್ಕೂ ಮುನಿರಾಜು ಕನ್ನಡಿಯಲ್ಲಿ ನೋಡುತ್ತಿದ್ದ. ಏನೂ ಕೇಳಲಿಲ್ಲ, ಒಳ್ಳೆಯ ಹುಡುಗ.

ಹಬ್ಬದ ದಿನ ಬೆಳಿಗ್ಗೆ ಸೊಣ್ಣಮ್ಮ ಎಣ್ಣೆ ಸ್ನಾನ ಮಾಡಿ ತಾರಸಿ ಹತ್ತಿದಳು. ಗೇಟಿನ ಹತ್ತಿರ ಕಾಯುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ, ತಾರಸಿಯಲ್ಲಾದರೆ ಬಟ್ಟೆ ಒಣಹಾಕುವ ನೆಪವಿತ್ತು. ಒಣಹಾಕಲು ಬಟ್ಟೆ ಮಾತ್ರ ಇರಲಿಲ್ಲ. ಗಿಳಿಹಸಿರು ಕಟ್ಟಡದಿಂದ ಕಾರು ಹೊರಟಿತು. ಈ ಕಡೆ ತಿರುಗದೆ ಆ ಕಡೆ ತಿರುಗಿ ಹೋಯಿತು.

"ಓಯ್ತು ನಿಮ್ಮಣ್ಣನ್ ಸವಾರಿ, ಮಗಳ ಮನೇಗೆ," ಎಂದಳು ಮರಿಯಮ್ಮ.

"ಓಗ್ಲಿ. ಮಗಳ್ಗೂ ಕೊಡ್ಬೇಕಲ್ಲ."

"ನಿಂಗ್ ಒಟ್ಟೆ ಉರೀತಿಲ್ವಾ?"

"ಉರೀತದೆ ಕಣೇ. ಬೆಳಗ್ಗೆ ತಿಂಡಿ ತಿಂದಿಲ್ಲ," ಎಂದಳು ಸೊಣ್ಣಮ್ಮ. ಆದರೆ ಮರಿಯಮ್ಮ ತಂದುಕೊಟ್ಟ ಉಪ್ಪಿಟ್ಟನ್ನೂ ತಿನ್ನಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಅಂಥ ಬಿಸಿಲಿನಲ್ಲಿ ಬರಿಯ ಹಗ್ಗ ನೋಡುತ್ತ ಎಷ್ಟು ಹೊತ್ತು ನಿಲ್ಲುವುದು? ಅವಳು ಕೆಳಗಿಳಿದಳು. ಉಳಿದಿದ್ದ ಹಳೆಯ ಪರದೆಗಳನ್ನು ಮಷೀನಿಗೆ ಹಾಕದೆ ಕಲ್ಲಿನ ಮೇಲೆ ಹಾಕಿ ಬಡಿಯತೊಡಗಿದಳು. ಬಡಿತದ ಸದ್ದಿಗೆ ಸಿಸ್ಟರ್ ಬಂದು ಬಾಗಿಲಲ್ಲಿ ನಿಂತರು. ಮರಿಯಮ್ಮ ಅವರಿಗೆ ಎಲ್ಲ ಹೇಳಿಬಿಟ್ಟಿದ್ದಳು.

"ನಾನೊಂದು ಸೀರೆ ತಂದು ಕೊಡ್ತಿದ್ದೆ, ನೀನು ತಗೊಳ್ತಿರ್ಲಿಲ್ಲ ಅಲ್ವಾ?"

"ನೀವು ಒಳಗಿನೋರು ಸಿಸ್ಟರ್. ಒಳಗಿನೋರು ತಂದ್ರೆ ಆಗಾಕಿಲ್ಲ."

"ಹೌದು. ನಾನೂ ಒಳಗಿನವಳೇ," ಎಂದರು ಸಿಸ್ಟರ್. ಅವರಿಗೆ ಅದು ಈಗಷ್ಟೇ ಹೊಳೆದಂತೆ ಇತ್ತು.

ಆಗಲೇ ಹೊರಗೆ ಕಾರಿನ ಹಾರ್ನು ಒಂದೇ ಸಮನೆ ಕೂಗಿತು. ಕಂಪನಿ ಬಸ್ಸು, ಸ್ವಿಗ್ಗಿ ಹುಡುಗರು, ಗಣಪತಿ ಹೊತ್ತ ಟೆಂಪೋ ಎಲ್ಲದರ ನಡುವೆ ಲಕ್ಷ್ಮಯ್ಯನ ಕಾರು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಮುದುಕ ಸೀಟು ಬಿಟ್ಟು ಏಳುತ್ತಿರಲಿಲ್ಲ. ವನಜಾ ಬಾಗಿಲು ತೆಗೆದು ಹಿಡಿದು ನಿಂತಿದ್ದಳು.

"ಇಳೀರಿ ಮಾವ. ಮೂರು ಅಂಗಡಿ ಸುತ್ಸಿದ್ರಿ, ಇಲ್ಲಿ ಬಂದು ಕೂತ್ಕೊಂಡ್ರೆ ಹೇಗೆ? ಎರಡು ದಿನದಿಂದ ಊಟ ಬಿಟ್ಟು ಗೋಡೆ ನೋಡ್ತಿದ್ರಿ, ನಾನೇ ಬಾಯಿ ಬಿಡಿಸ್ಬೇಕಾಯ್ತು. ಇವತ್ತು ಇಳೀದಿದ್ರೆ ಮನೇಲಿ ಒಬ್ಬಟ್ಟಿಲ್ಲ, ನೋಡಿ ಮತ್ತೆ."

ಹಿಂದಿನ ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ, "ಯಜಮಾನ್ರೇ, ಇಳಿಯೋದಾದ್ರೆ ಇಳೀರಿ, ಹೋಗೋದಾದ್ರೆ ಹೋಗಿ!" ಎಂದು ಕಿರುಚಿದ. ಲಕ್ಷ್ಮಯ್ಯ ಇಳಿದ.

ದಿನವೂ ಬಳಸುವುದು ಪಕ್ಕದ ಚಿಕ್ಕ ಬಾಗಿಲನ್ನು. ಸಿಸ್ಟರ್ ಬೆನಡಿಕ್ಟಾ ಮಂಡಿ ನೋವನ್ನೂ ಮರೆತು ದೊಡ್ಡ ಗೇಟಿನ ಎರಡೂ ಕದಗಳನ್ನು ತಳ್ಳಿ ತೆಗೆದರು. ತೆಗೆದವರು ನಡುವೆ ನಿಂತು, ಎಷ್ಟೋ ವರ್ಷ ಆ ಗೇಟಿನಲ್ಲಿ ಕೇಳಿ ಕೇಳಿ ಅಭ್ಯಾಸವಾಗಿದ್ದ ಮಾತನ್ನೇ ಕೇಳಿದರು.

"ಯಾರನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು? ಅವಳಿಗೆ ನೀವು ಏನಾಗಬೇಕು?"

ಬಸ್ಸಿನ ತುಂಬ ಜನ ನೋಡುತ್ತಿದ್ದರು. ಲಕ್ಷ್ಮಯ್ಯ ಒಮ್ಮೆ ಸೊಸೆಯ ಕಡೆ ನೋಡಿದ, ಒಮ್ಮೆ ಒಳಗೆ, ಒದ್ದೆ ಕೈಯಲ್ಲಿ ನಿಂತಿದ್ದ ಸೊಣ್ಣಮ್ಮನ ಕಡೆ ನೋಡಿದ.

"ಸೊಣ್ಣಮ್ಮನ್ನ. ನನ್ ತಂಗಿ," ಎಂದ. ಕೆಮ್ಮಿ ಮತ್ತೆ ಹೇಳಿದ, ಈ ಸಲ ಟ್ಯಾಂಕರಿನವನಿಗೆ ಬೈಯುವ ಗಟ್ಟಿ ದನಿಯಲ್ಲಿ. "ಒಡಹುಟ್ಟಿದ್ ತಂಗಿ ಕಣ್ರೀ!"

ಬಸ್ಸಿನವನು ಹಾರ್ನು ಹೊಡೆದ. ಮೆಚ್ಚಿ ಹೊಡೆದನೋ ದಾರಿ ಬಿಡಲೆಂದು ಹೊಡೆದನೋ ಯಾರಿಗೂ ತಿಳಿಯಲಿಲ್ಲ.

ಯಾವ ಬಣ್ಣ ತರಬೇಕೆಂದು ತಿಳಿಯದೆ ಲಕ್ಷ್ಮಯ್ಯ ನಾಲ್ಕು ಸೀರೆ ತಂದಿದ್ದ. ಸೊಣ್ಣಮ್ಮ ಗೇಟಿನ ಕಟ್ಟೆಯ ಮೇಲೆ ಒಂದೊಂದನ್ನೇ ಬಿಡಿಸಿ, ಅಂಚು ತಿಕ್ಕಿ ನೋಡಿದಳು. "ಇದು ಒಂದೇ ನೀರ್ಗೆ ಬಣ್ಣ ಬುಡ್ತದೆ. ಇದ್ರ ಜರಿ ಕಪ್ಪಾಯ್ತದೆ. ಯಾವನೋ ಟೋಪಿ ಆಕವ್ನೆ ನಿಂಗೆ." ಕೊನೆಗೆ ಅರಿಶಿನ ಬಣ್ಣದ, ಕೆಂಪು ಅಂಚಿನದನ್ನು ಹಿಡಿದು ಒಳಗೆ ಹೋದಳು. ಹೊರಗೆ ಬಂದಾಗ ಸೆರಗು ಹೊದ್ದು, ಬೂದು ಸೀರೆಯನ್ನು ನೀಟಾಗಿ ಮಡಿಸಿ ಹಿಡಿದಿದ್ದಳು. ಅದನ್ನು ಸಿಸ್ಟರ್ ಕೈಗೆ ಕೊಟ್ಟಳು. ಸಿಸ್ಟರ್ ಅದನ್ನು ಎದೆಗೆ ಒತ್ತಿಕೊಂಡರು.

ಸೊಣ್ಣಮ್ಮ ಗೇಟು ದಾಟಿದಳು. ಇಷ್ಟೇನಾ ಎನ್ನುವಂತೆ ಒಂದು ಸಲ ಕಾಲ ಕೆಳಗಿನ ನೆಲ ನೋಡಿಕೊಂಡಳು.

"ಬಾ, ಕಾರ್ ಅತ್ತು," ಎಂದ ಲಕ್ಷ್ಮಯ್ಯ. "ಎರಡ್ನೇ ಮಹಡೀಲಿ ರೂಮ್ ಖಾಲಿ ಮಾಡ್ಸಿವ್ನಿ. ಅಲ್ಲೇ ಇರೀವಂತೆ."

"ಇರೋದು ಬುಡೋದು ನಾನ್ ಯೋಚ್ನೆ ಮಾಡ್ತೀನಿ. ಈಗ ಊಟಕ್ ಬತ್ತೀವಿ."

"ಬತ್ತೀವಾ?"

"ಊಂ. ಒಬ್ಬಟ್ಟು ಜಾಸ್ತಿ ಮಾಡವ್ಳೆ ತಾನೆ ನಿನ್ ಸೊಸೆ?"

ಅವಳು ಕಾರಿನೊಳಗೆ ಕೈ ಹಾಕಿ, ಉಳಿದ ಮೂರು ಸೀರೆಗಳಲ್ಲಿ ಬಣ್ಣ ಬಿಡದಂಥ ಹಸಿರು ಒಂದನ್ನು ಎಳೆದುಕೊಂಡು, ಬಂದ ದಾರಿಯಲ್ಲೇ ತಿರುಗಿ ದೊಡ್ಡ ಗೇಟಿನ ಎದುರಿಗೆ ಬಂದು ನಿಂತಳು. ಸಿಸ್ಟರ್ ಇನ್ನೂ ಅಲ್ಲೇ ನಿಂತಿದ್ದರು.

"ಎಂತ, ಮರೆತದ್ದುಂಟಾ?"

"ಕೇಳಿ ಸಿಸ್ಟರ್. ಕೇಳ್ಬೇಕಾದ್ದು ಕೇಳಿ."

ಸಿಸ್ಟರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತು ಕೇಳಿದರು. "ಯಾರನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು? ಅವಳಿಗೆ ನೀವು ಏನಾಗಬೇಕು?"

"ಮರಿಯಮ್ಮನ್ನ," ಎಂದಳು ಸೊಣ್ಣಮ್ಮ. "ಒಂದೇ ಕಲ್ಲಲ್ಲಿ ಬಟ್ಟೆ ಒಗ್ದೋಳು ನಾನು."

ಕಂಬದ ಹಿಂದೆ ಮೂಗು ಸೀಟಿಕೊಳ್ಳುತ್ತ ನಿಂತಿದ್ದ ಮರಿಯಮ್ಮ ಹೊರಗೆ ಬಂದಳು. ಸೀರೆಯನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಸ್ರು ನಂಗೆ ಒಪ್ಪಾಕಿಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ತಂದದ್ದು ಉಟ್ಕಳೇ. ಬಸ್ನೋನು ಬಯ್ತಾವ್ನೆ."